ಒಂದನೇ ನಂಬರಿನ ಮಿಲುಸ್ಕಾ

"ಮುಟ್ಟಬೇಡ ಅವಳನ್ನ!"

ಮಿಲುಸ್ಕಾಳ ಬಲಗಾಲು ಗಾಳಿಯಲ್ಲಿ ಸುತ್ತಿ ಪರ್ಸಿಯ ಪಕ್ಕೆಗೆ ಬಡಿಯಿತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಅವನ ಕೈಯಲ್ಲಿದ್ದ ದೊಣ್ಣೆ ಜಾರಿತು, ಅವನು ಕುಸಿದು ಬಿದ್ದ. ಅಷ್ಟಕ್ಕೇ ಬಿಟ್ಟಳೇ? ಇಲ್ಲ! ಇನ್ನೊಂದು ಒದೆತ ದವಡೆಗೆ ಬಿತ್ತು.

ಅವನು ತಿರುಗಿ ಹೊಡೆಯಲಿಲ್ಲ. "ಮಿಲು... ಕೇಳು..." ಎಂದ. ಬಾಯ್ತುಂಬ ರಕ್ತ.

"ನಿನ್ನ ಬಾಯಲ್ಲಿ ನನ್ನ ಹೆಸರು ಬರಬಾರದು!"

ಪಕ್ಕದಲ್ಲೇ ಅವಳ ಗೆಳತಿ ಫ್ಲೋರ್ ತಲೆ ಒಡೆದು ಬಿದ್ದಿದ್ದಳು. ಲಿಮಾದ ಸ್ಟೇಡಿಯಂ ಮುಂದಿನ ಬೀದಿ ರಣರಂಗವಾಗಿತ್ತು. ಬಾಟಲಿ, ಕಲ್ಲು, ಮುರಿದ ಬ್ಯಾನರ್ ಕೋಲು... ಕೈಗೆ ಸಿಕ್ಕಿದ್ದೇ ಆಯುಧ.

ಇಷ್ಟಕ್ಕೂ ಕಾರಣ 'ಬ್ರೂಹುಲಾ' ಎಂಬ ಹಾಡಿನ ತಂಡ!

ಗಾಯಕಿ ಡನಾಯೆ ಮತ್ತು ಗಾಯಕ ಇತಾಲೋ ಜಗಳವಾಡಿ ತಂಡ ಒಡೆದು ಹನ್ನೊಂದು ವರ್ಷ. ಅಭಿಮಾನಿಗಳೂ ಎರಡು ಪಕ್ಷವಾಗಿ ಹಾವು ಮುಂಗುಸಿಯಂತಾಗಿದ್ದರು. ಇವತ್ತು ಸಂಜೆ ಇಬ್ಬರೂ ಮತ್ತೆ ಒಂದೇ ವೇದಿಕೆಗೆ ಬರುವವರಿದ್ದರು. ನಾಲ್ಕು ದಿನದಿಂದ ಫುಟ್‌ಪಾತಿನ ಮೇಲೆ ಎರಡು ಸಾಲು. ಡನಾಯೆ ಪಕ್ಷದವರ ಮಣಿಕಟ್ಟಿಗೆ ನೇರಳೆ ಶಾಯಿಯ ನಂಬರ್, ಇತಾಲೋ ಪಕ್ಷಕ್ಕೆ ಕೆಂಪು. ದಿನಕ್ಕೆ ಮೂರು ಸಲ ಹೆಸರು ಕೂಗುತ್ತಾರೆ. "ಇದ್ದೀನಿ" ಅನ್ನದವರ ಹೆಸರಿಗೆ ಗೀಟು. ಹೆತ್ತತಾಯಿ ಸತ್ತರೂ ವಿನಾಯಿತಿ ಇಲ್ಲ.

ನೇರಳೆ ಒಂದು, ಪಟ್ಟಿಯ ಒಡತಿ ಮಿಲುಸ್ಕಾ. ಕೆಂಪು ಒಂದು, ದೂರದ ತ್ರುಹಿಯೊ ಊರಿನಿಂದ ಬಸ್ಸು ಹತ್ತಿ ಬಂದ ಚಪ್ಪಲಿ ಹೊಲಿಯುವ ಪರ್ಸಿ.

ಬೆಳಿಗ್ಗೆ ಬೆಳಿಗ್ಗೆ ಅವನು ತಳ್ಳುಗಾಡಿಯಿಂದ ಎರಡು ಲೋಟ ಬಿಸಿ ಎಮೊಲಿಯೆಂತೆ ಕಷಾಯ ತರುತ್ತಿದ್ದ.

"ತಗೋ ಅಮ್ಮಣ್ಣಿ, ನಿಮ್ಮ ಡನಾಯೆಗೆ ಸ್ವರ ಸಿಗೋ ಹೊತ್ತಿಗೆ ನಿನ್ನ ಗಂಟಲು ಒಣಗಿರುತ್ತೆ."

"ನಿಮ್ಮ ಇತಾಲೋ ತಲೆ ಬಾಚಿ ಮುಗಿಸೋ ಹೊತ್ತಿಗೆ ನಾನು ಮುದುಕಿ ಆಗಿರ್ತೀನಿ, ಹೋಗೋ!"

ಬೈದದ್ದೇನೋ ನಿಜ. ಆದರೆ ಲೋಟ ಮಾತ್ರ ಖಾಲಿ ಮಾಡುತ್ತಿದ್ದಳು. ನಾಲ್ಕನೇ ಬೆಳಿಗ್ಗೆ ಅವನು ಬರುವ ಮೊದಲೇ ಮುಖ ತೊಳೆದು ಜಡೆ ಹಾಕಿಕೊಂಡಿದ್ದಳು, ಕಳ್ಳಿ!

ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದ್ದಳು.

"ನಮ್ಮಪ್ಪ ಅಮ್ಮನ್ನ ದಿನಾ ಬಡೀತಿದ್ದ. ನಾನು ಟಿವಿ ಜೋರು ಮಾಡ್ಕೊಂಡು ಡನಾಯೆ ಕುಣಿಯೋದನ್ನ ನೋಡ್ತಿದ್ದೆ. ಅವಳು ಗಿರಕಿ ಹೊಡೆದು ಕಾಲು ಬೀಸ್ತಾಳಲ್ಲ, ಅದನ್ನೇ ನಾಲ್ಕು ವರ್ಷ ಕಲಿತೆ. ಹದಿಮೂರಕ್ಕೆ... ಅಪ್ಪ ಬೆಲ್ಟ್ ಎತ್ತಿದಾಗ ಬೀಸಿಬಿಟ್ಟೆ. ಅವನ ಕೈ ಮುರೀತು. ಮನೆ ಬಿಟ್ಟು ಹೋದವನು ಬರ್ಲೇ ಇಲ್ಲ."

ಈಗ ಕೋಮಾಸ್ ಬಡಾವಣೆಯಲ್ಲಿ ಹುಡುಗಿಯರಿಗೆ ಕಿಕ್‌ಬಾಕ್ಸಿಂಗ್ ಕಲಿಸುವುದೇ ಅವಳ ಕಸುಬು.

"ಮುಂದಿನ ಕಂಬಿ ಹಿಡ್ಕೊಂಡು ಡನಾಯೆಗೆ ಒಂದೇ ಮಾತು ಕೂಗಬೇಕು ಪರ್ಸಿ. 'ನಿನ್ನಿಂದ ನಮ್ಮಮ್ಮ ಬದುಕಿದ್ದಾಳೆ' ಅಂತ. ಅದಕ್ಕೇ ಹನ್ನೊಂದು ವರ್ಷ ಕಾದಿದ್ದೀನಿ."

ಪರ್ಸಿ ನಗಲಿಲ್ಲ. ಅಲ್ಲೇ ಅವಳ ಮನಸ್ಸು ಜಾರಿದ್ದು.

ಮಧ್ಯಾಹ್ನ ಪೊಲೀಸರು ಎರಡು ಸಾಲನ್ನೂ ಒಂದೇ ಗೇಟಿಗೆ ತಿರುಗಿಸಿದರು. ಯಾರು ಮೊದಲು? ಒಬ್ಬ ಉಗಿದ, ಇನ್ನೊಬ್ಬ ಬಾಟಲಿ ಎಸೆದ. ಪೊಲೀಸರು ಸಿಡಿಸಿದ ಅಶ್ರುವಾಯುವಿನ ಹೊಗೆ ಸರಿದಾಗ ಮಿಲುಸ್ಕಾಗೆ ಕಂಡದ್ದು ಇಷ್ಟೇ: ಕೆಳಗೆ ಫ್ಲೋರ್, ಅವಳ ಮೇಲೆ ದೊಣ್ಣೆ ಹಿಡಿದ ಪರ್ಸಿ!

'ಗಂಡಸರೆಲ್ಲ ಒಂದೇ...' ಅನ್ನಿಸಿತು. ಮುಂದೆ ಏನಾಯಿತೆಂದು ನಿಮಗೆ ಗೊತ್ತು.

ಆಂಬುಲೆನ್ಸ್ ಪರ್ಸಿಯನ್ನು ಕರೆದೊಯ್ದಿತು. ಗಲಾಟೆ ಅಡಗಿದ ಮೇಲೆ ಚಿಕಿತ್ಸೆಯ ಟೆಂಟಿನಲ್ಲಿ ಫ್ಲೋರ್ ತಲೆಗೆ ಆರು ಹೊಲಿಗೆ ಬಿದ್ದವು. ಕಣ್ಣು ತೆರೆದವಳು ಮೊದಲು ಕೇಳಿದ್ದೇ, "ಪರ್ಸಿ ಹೇಗಿದ್ದಾನೆ?"

"ಒದ್ದು ಮಲಗಿಸಿದೆ ಆ ನಾಯೀನ!"

"ಅಯ್ಯೋ ಹುಚ್ಚಿ!" ಫ್ಲೋರ್ ಎದ್ದು ಕೂತಳು. "ನನ್ನನ್ನ ಹೊಡೆದವನು ಬೇರೆ ಕಣೇ! ಪರ್ಸಿ ಅಡ್ಡ ಬಂದು ಬೆನ್ನು ಕೊಟ್ಟ, ದೊಣ್ಣೆ ಕಿತ್ಕೊಂಡ. ಅದೂ ತನ್ನ ಪಕ್ಷದವನ ಕೈಯಿಂದ! ಇಲ್ದಿದ್ರೆ ಈಗ ನನ್ನ ಹೆಣ ಕಾಯ್ತಿದ್ದೆ ನೀನು!"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

'ಮೊದಲು ಏಟು, ಆಮೇಲೆ ವಿಚಾರಣೆ... ದೇವರೇ, ನಾನು ಅಪ್ಪನಾಗಿಬಿಟ್ಟೆನಾ?'

ನಾಲ್ಕು ಗಂಟೆಗೆ ಕೊನೆಯ ಸಲ ಹೆಸರು ಕೂಗುವ ಹೊತ್ತಾಯಿತು. ಐದಕ್ಕೆ ಗೇಟು ತೆಗೆಯುತ್ತಾರೆ. ಮಿಲುಸ್ಕಾ ಪಟ್ಟಿ ತೆರೆದಳು.

"ಒಂದನೇ ನಂಬರ್, ಮಿಲುಸ್ಕಾ!" ಎಂದು ತಾನೇ ಕೂಗಿ, ತಾನೇ ಉತ್ತರ ಕೊಟ್ಟಳು. "ಇಲ್ಲ."

ತನ್ನ ಹೆಸರಿಗೆ ಗೀಟು ಎಳೆದಳು.

"ಏನೇ ಬಂತು ನಿಂಗೆ!" ಸಾಲಿನವರು ಬಾಯಿ ಬಿಟ್ಟರು.

ತಲೆಗೆ ಬಟ್ಟೆ ಸುತ್ತಿಕೊಂಡು ಸಾಲಿಗೆ ಮರಳಿದ್ದ ಎರಡನೇ ನಂಬರಿನ ಫ್ಲೋರ್ ಕೈಗೆ ಪಟ್ಟಿಯನ್ನಿಟ್ಟಳು. "'ನಿನ್ನಿಂದ ಮಿಲುಸ್ಕಾಳ ಅಮ್ಮ ಬದುಕಿದ್ದಾಳೆ' ಅಂತ ಡನಾಯೆಗೆ ನೀನೇ ಕೂಗಿಬಿಡು," ಎಂದವಳೇ ಓಡಿದಳು.

ಆಸ್ಪತ್ರೆಯಲ್ಲಿ ಪರ್ಸಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎದೆಗೆ ಪಟ್ಟಿ, ದವಡೆ ಊದಿ ನೀಲಿ. ಹೆಜ್ಜೆ ಸದ್ದಿಗೆ ತಿರುಗಿದ. ಹಣೆಯ ಮೇಲಿನ ಕೂದಲು ಸರಿಸಲು ಅವಳು ಕೈ ಎತ್ತಿದಳು...

ಅವನು ಬೆಚ್ಚಿ ತೋಳಿನಿಂದ ಮುಖ ಮುಚ್ಚಿಕೊಂಡ.

ಆ ತೋಳನ್ನು ಅವಳು ಬಲ್ಲಳು. ಅಮ್ಮನೂ ಹೀಗೇ ಮುಖ ಮುಚ್ಚಿಕೊಳ್ಳುತ್ತಿದ್ದಳು. ಮಿಲುಸ್ಕಾ ಹಿಂದೆ ಹಿಂದೆ ಸರಿದು ಬಾಗಿಲ ಹೊರಗೆ ನೆಲದ ಮೇಲೆ ಕೂತುಬಿಟ್ಟಳು.

"ಫ್ಲೋರ್ ಎಲ್ಲ ಹೇಳಿದಳು ಪರ್ಸಿ. ಹೇಳದೇ ಇದ್ರೂ ಎರಡನೇ ಒದೆತ ತಪ್ಪೇ. ನೀನು ಆಗಲೇ ಬಿದ್ದಿದ್ದೆ."

ಅವನು ಮುಖದ ಮೇಲಿನ ತೋಳನ್ನು ಮೆಲ್ಲಗೆ ಇಳಿಸಿದ.

"ಕಾರಣ ಹೇಳಲ್ಲ. ನಮ್ಮಪ್ಪನ ಹತ್ರ ಪ್ರತೀ ಸಲ ಒಂದು ಕಾರಣ ಇರ್ತಿತ್ತು. ಕ್ಷಮಿಸು ಅಂತಾನೂ ಪೀಡಿಸಲ್ಲ. ಹೋಗು ಅಂದ್ರೆ ಹೋಗ್ತೀನಿ."

ಅವನು ಗೋಡೆಯ ಗಡಿಯಾರ ನೋಡಿದ. "ಗೇಟು ತೆಗೆದಿರ್ತಾರೆ. ನಿನ್ನ ನಂಬರ್?"

"ಗೀಟು ಬಿತ್ತು."

"ಯಾರು ಹಾಕಿದ್ದು?"

"ನಾನೇ."

ಅವನ ಕಣ್ಣು ತುಂಬಿ ಬಂತು.

"ನಿನ್ನ ಕಂಡ್ರೆ ಭಯ ಆಗುತ್ತೆ ಮಿಲು. ಸುಳ್ಳು ಹೇಳಲ್ಲ."

"ಗೊತ್ತು..."

"ಪ್ರೀತೀನೂ ಇದೆ. ಹಾಳಾದ್ದು, ಪಕ್ಕೆ ಮುರಿದ್ರೂ ಹೋಗಿಲ್ಲ. ಏನು ಮಾಡ್ಲಿ ಹೇಳು?"

ಮಿಲುಸ್ಕಾ ಗೊಳೋ ಎಂದು ಅತ್ತಳು. ಅಪ್ಪ ಮನೆ ಬಿಟ್ಟಾಗಿನಿಂದ ಯಾರೆದುರೂ ಹಾಗೆ ಅತ್ತಿರಲಿಲ್ಲ.

"ನನಗೂ ಕಣೋ... ನನಗೂ! ಆದ್ರೆ ನೀನು ಕರೆಯೋವರೆಗೂ ಈ ಹೊಸಿಲು ದಾಟಲ್ಲ."

ಅವನು ನೋವಿನಿಂದ ಹಲ್ಲು ಕಚ್ಚಿ ಮಂಚದ ತುದಿಗೆ ಜರುಗಿ, ಪಕ್ಕದಲ್ಲಿ ಒಂದು ಗೇಣು ಜಾಗ ಬಿಟ್ಟ.

"ಬಾ. ನಿಧಾನವಾಗಿ... ಕೈ ನಂಗೆ ಕಾಣೋ ಹಾಗೆ ಇಟ್ಕೊಂಡು ಬಾ."

ಅವಳು ಎರಡೂ ಅಂಗೈ ಬಿಚ್ಚಿ ಮುಂದೆ ಚಾಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಬಂದಳು.