ಹದಿನೇಳನೇ ನಂಬರಿನ ವಿಡಿಯೋ

ಮೊದಲ ಬಹುಮಾನ ಪಡೆದ ವಿಡಿಯೋದಲ್ಲಿದ್ದುದು ಕದ್ದ ಹಾಡು! 2008ರ ಜೂನ್‌ನಲ್ಲಿ ತಮ್ಮ ಮೆಚ್ಚಿನ ಸಿನಿಮಾ ನಟನ ಮೇಲೆ ವಿಡಿಯೋ ಸ್ಪರ್ಧೆ ನಡೆಸಿದ್ದ ಕೊಪ್ಪದ ಅಭಿಮಾನಿ ಸಂಘಕ್ಕೆ ಆಡಿಯೋ ಕಂಪನಿಯೊಂದರ ನೋಟಿಸ್ ಬಂತು. ಸ್ಪರ್ಧೆಯ ಪ್ರದರ್ಶನದ ನಂತರ ಆ ವಿಡಿಯೋ ಕೇಬಲ್ ಟಿವಿಯಲ್ಲೂ ಬಂದು, ಅನುಮತಿಯಿಲ್ಲದೆ ಸಿನಿಮಾ ಹಾಡು ಪ್ರಸಾರವಾಗಿತ್ತು.

ಸಂಘದ ಕಾರ್ಯದರ್ಶಿ ಸೋಮನಾಥ್ ಆ ನೋಟಿಸನ್ನು ಬಹುಮಾನ ಗೆದ್ದ ಗಾನವಿಯ ಮುಂದೆ ಹಿಡಿದ.

"ಸ್ಪರ್ಧೆಯ ಏಳನೇ ನಿಯಮ ಓದು. ಹಕ್ಕುಸ್ವಾಮ್ಯಕ್ಕೆ ಸ್ಪರ್ಧಿಯೇ ಹೊಣೆ. ಸಹಿ ನಿಂದೇ ತಾನೆ? ಕೇಸು ನಿನ್ನ ಮೇಲೆ."

ಮುತ್ತಿನಕೊಪ್ಪದ ಆ ಬಿ.ಎ. ವಿದ್ಯಾರ್ಥಿನಿ ಅಜ್ಜಿ ವೀರಮ್ಮನೊಂದಿಗೆ ವಕೀಲೆ ಸುಲೋಚನಮ್ಮನವರ ಬಳಿ ಬಂದಳು. ನಾನು, ನಯನ, ಅವರ ಜೂನಿಯರ್.

"ನನ್ನ ವಿಡಿಯೋಕ್ಕೆ ಹಾಡಿದ್ದು ಅಜ್ಜಿ, ಮೇಡಂ."

"ಆ ನಟನ ಮೇಲೆ ನಾನೇ ಕಟ್ಟಿದ ಹಾಡು. ಕದಿಯೋದೆಂತಕ್ಕೆ?" ಎಂದರು ವೀರಮ್ಮ.

"ಪ್ರದರ್ಶನದ ದಿನ ಹಾಡು ಬೇರೆ ಅಂತ ಗೊತ್ತಾಗಲಿಲ್ವಾ?" ಎಂದು ಸುಲೋಚನಮ್ಮ ಗಾನವಿಯನ್ನು ಕೇಳಿದರು.

"ಪರೀಕ್ಷೆ ಇತ್ತು. ಹೋಗಲಿಲ್ಲ. ಮನೇಲಿ ಕೇಬಲ್ಲೂ ಇಲ್ಲ."

ನಂಬುವುದು ಹೇಗೆ? ನನಗೆ ಅನುಮಾನವೇ.

ವಿಡಿಯೋ ಎಡಿಟ್ ಮಾಡಿದ್ದವನು ನರಸಿಂಹರಾಜಪುರದ ಸ್ಟುಡಿಯೋದ ಕಲ್ಲೇಶ್. ನಾನೇ ಹೋಗಿ ವಿಚಾರಿಸಿದೆ.

"ಈ ಸಿನಿಮಾ ಹಾಡು ನಿನ್ನ ಹತ್ರ ಇದ್ಯಾ?"

"ಇದೆ... ಆದ್ರೆ ನಾನು ಹಾಕಿದ್ದು ಅಜ್ಜಿ ಹಾಡೇ, ಮಾರಾಯ್ರೆ!"

"ಕಂಪ್ಯೂಟರ್ ತೋರಿಸು."

"ವೈರಸ್ ಬಂತು. ಹೋದ ವಾರ ಎಲ್ಲ ಅಳಿಸ್ದೆ."

ಹೋದ ವಾರವೇ? ಅನುಮಾನ ಅವನತ್ತ ತಿರುಗಿತು.

ಕೊನೆಗೆ ಸೋಮನಾಥ್.

"ಗಾನವಿ ಕೊಟ್ಟ ಸಿಡಿ?"

"ಬಿಸಾಕ್ದೆ. ಎಲ್ಲರ ವಿಡಿಯೋನೂ ಒಂದೇ ಸಿಡಿಗೆ ಸೇರಿಸಿದ್ದೆನಲ್ಲ. ವಿಡಿಯೋ ಕೊಡೋ ಕೊನೇ ದಿನ ಮುಗಿದ ಮೇಲೆ ಚೀಟಿ ಎತ್ತಿ, ಒಂದೊಂದರ ಶುರುವಿಗೂ ನಂಬರ್ ಹಾಕ್ದೆ. ಬೇರೆ ಯಾರೂ ಮುಟ್ಟಿಲ್ಲ."

ಸುಲೋಚನಮ್ಮ ಎಲ್ಲರನ್ನೂ ಕಚೇರಿಗೆ ಕರೆಸಿ, ಎಲ್ಲ ವಿಡಿಯೋ ಸೇರಿಸಿದ್ದ ಸಿಡಿಯನ್ನು ನನ್ನಿಂದ ಹಾಕಿಸಿದರು. ಕಪ್ಪು ಪರದೆಯ ಮೇಲೆ 16 — ನಿಶ್ಶಬ್ದ. ಆಮೇಲೆ ಚಿತ್ರ, ಹಾಡು. ಮುಂದಿನದು ಗಾನವಿಯ 17 —

"ನಿಲ್ಲಿಸು, ನಯನ. ಏನು ಕೇಳಿಸ್ತು?"

"ಹಾಡು, ಮೇಡಂ."

"ಚಿತ್ರ ಇನ್ನೂ ಬಂದಿಲ್ಲ. ಬಂದಿರೋದು ನಂಬರ್ ಮಾತ್ರ. ನಾವೆಲ್ಲ ಚಿತ್ರ ನೋಡಿದ್ವಿ, ನಂಬರ್ ಬರುವಾಗ ಕಿವಿ ಕೊಡಲಿಲ್ಲ. ಉಳಿದ ಎಲ್ಲ ನಂಬರ್ ಮೇಲೂ ಮೌನ. ಇದರ ಮೇಲೆ ಮಾತ್ರ ಹಾಡು, ಅದೂ ತುಂಡಾಗದೆ ಚಿತ್ರಕ್ಕೆ ಹರಿಯುತ್ತೆ. ಅಂದ್ರೆ ನಂಬರ್ ಸೇರಿಸಿದ ಮೇಲೇ ಹಾಡು ಹಾಕಿದ್ದಾರೆ. ಆಗ ಇದು ಗಾನವಿ ಕೈಯಲ್ಲೂ ಇರಲಿಲ್ಲ, ಕಲ್ಲೇಶನ ಕೈಯಲ್ಲೂ ಇರಲಿಲ್ಲ. ಅಲ್ವಾ, ಸೋಮನಾಥ್?"

ಸೋಮನಾಥ್ ಒಪ್ಪಿಕೊಂಡ.

"ಚಿತ್ರ ಚೆನ್ನಾಗಿತ್ತು. ಮುದುಕಿ ಹಾಡಿಗೆ ಜನ ಎದ್ದು ಹೋಗ್ತಾರೆ ಅಂತ... ನೋಟಿಸ್ ಬರುತ್ತೆ ಅಂತ ಗೊತ್ತಿರಲಿಲ್ಲ."

"ಸ್ಪರ್ಧಿ ಕೊಟ್ಟದ್ದಕ್ಕೆ ಸ್ಪರ್ಧಿ ಹೊಣೆ. ನೀವು ತುರುಕಿದ್ದಕ್ಕೆ ನೀವು. ಕಂಪನಿಗೆ ಹಾಗಂತ ಬರೆದುಕೊಡಿ."

ವೀರಮ್ಮ ಎದ್ದು ಅವನ ಎದುರು ನಿಂತರು.

"ಹಾಡು ಚೆನ್ನಾಗಿಲ್ಲ ಅಂದಿದ್ರೆ ನಂಗೆ ಬೇಜಾರಾಗ್ತಿರಲಿಲ್ಲ, ಮಾರಾಯ. ನನ್ನ ಮೊಮ್ಮಗಳನ್ನ ಕಳ್ಳಿ ಅಂದ್ಯಲ್ಲ!"

ಸೋಮನಾಥ್ ತಲೆಯೆತ್ತದೆ ಬರೆಯತೊಡಗಿದ.