ಬೆದೆಗೆ ಬಾರದ ಹಸು

ಆವತಿಯ ಆದಿನಾರಾಯಣಪ್ಪನವರ ಕೊಟ್ಟಿಗೆಯಲ್ಲಿ ಮಂಗಳವಾರ ಬೆಳಿಗ್ಗೆ ನಾಲ್ಕು ತಿಂಗಳ ಗಬ್ಬದ ಹಸುವಿಗೆ ಗರ್ಭಪಾತವಾಗಿ ಕಂದು ಬಿದ್ದಿತ್ತು. ಗೋದಲಿಯ ಹುಲ್ಲಿನಲ್ಲಿ ಹಾಲಿಳಿಸುವ ಇಂಜೆಕ್ಷನ್ನಿನ ಖಾಲಿ ಬಾಟಲಿ!

ಅರ್ಧ ಊರು ಅಲ್ಲೇ ನೆರೆದಿತ್ತು. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಹಾಲು ಕರೆಯುತ್ತಿದ್ದ ಕದಿರಮ್ಮ ಗೋಡೆಗೊರಗಿ ನಿಂತಿದ್ದಳು.

"ಹಾಲು ಬೇಗ ಇಳೀಲಿ ಅಂತ ಚುಚ್ಚಿದ್ದೀಯ! ಪೊಲೀಸ್ರಿಗೆ ಕೊಡ್ತೀನಿ ನಿನ್ನ," ಆದಿನಾರಾಯಣಪ್ಪ ಗುಡುಗಿದರು.

"ನಾನು ಸೂಜೀನೇ ಮುಟ್ಟಿಲ್ಲ, ಯಜಮಾನ್ರೇ..."

ಪಶುವೈದ್ಯೆ ಶಾಮಲಾ ಹಸುವಿನ ಮೈ ಸವರುತ್ತಿದ್ದರು. ಕುತ್ತಿಗೆಯ ಬಳಿ ಕೈ ನಿಂತಿತು. ಗಟ್ಟಿ ಬಾವು — ಇವತ್ತಿನದಲ್ಲ.

"ಬಾಟ್ಲಿ ಯಾರಿಗೆ ಸಿಕ್ತು?"

"ನನಗೇ, ಮೇಡಂ," ಎಂದ ವಸಂತ್. ಸುತ್ತಲ ಹಳ್ಳಿಗಳ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು ಅವನು. "ಸುದ್ದಿ ಕೇಳಿ ಓಡಿ ಬಂದೆ. ಹುಲ್ಲಲ್ಲಿ ಬಿದ್ದಿತ್ತು."

"ಅದಕ್ಕೆ ಮುಂಚೆ ಬಂದಿದ್ದು ಯಾವಾಗ?"

"ಶುಕ್ರವಾರ. ಈ ಪಕ್ಕದಲ್ಲಿ ಕಟ್ಟಿರೋ ಹಸುಗೆ ಬೆದೆಗೆ ಬರೋ ಇಂಜೆಕ್ಷನ್ ಹಾಕಿ ಹೋದೆ."

"ಯಾರಿದ್ರು ಜೊತೆಗೆ?"

"ಯಾರೂ ಇಲ್ಲ. ಎಲ್ಲ ಹೊಲದಲ್ಲಿದ್ರು."

ಶಾಮಲಾ ಯಜಮಾನರತ್ತ ತಿರುಗಿದರು. "ಆ ಹಸು ಬೆದೆಗೆ ಬಂತಾ?"

"ಎಲ್ಲಿ ಬಂತು ಮೇಡಂ? ಇವತ್ತಿಗೆ ನಾಲ್ಕು ದಿನ. ಒಂದು ಸಲಾನೂ ಕೂಗಿಲ್ಲ."

ಶಾಮಲಾ ಎರಡೂ ಹಸುಗಳನ್ನು ನೋಡಿದರು. ಎರಡೂ ಕಪ್ಪು-ಬಿಳುಪು. ಒಂದೇ ಎತ್ತರ. ಕಿವಿಯ ನಂಬರು ಮಾತ್ರ ಬೇರೆ.

"ಹಾಲಿಳಿಸೋ ಔಷಧಿ ಮೈಯಲ್ಲಿ ನಿಲ್ಲಲ್ಲ. ಲಿವರ್, ಕಿಡ್ನಿ ಸೇರಿ ನಿಮಿಷಗಳಲ್ಲೇ ಒಡೆದು ಹಾಕ್ತವೆ. ನಾಲ್ಕು ತಿಂಗಳ ಗಬ್ಬ ಅಷ್ಟಕ್ಕೆಲ್ಲ ಜಾರೋದೂ ಇಲ್ಲ. ಬೆದೆ ಇಂಜೆಕ್ಷನ್ ಹಾಗಲ್ಲ. ಅದೂ ಒಂದೆರಡು ದಿನದಲ್ಲಿ ಗಂಜಲದಲ್ಲಿ ಹೋಗುತ್ತೆ — ಆದ್ರೆ ಅಷ್ಟರಲ್ಲಿ ಗಬ್ಬ ಕಾಯೋ ಹಾರ್ಮೋನನ್ನೇ ನಿಲ್ಲಿಸಿಬಿಟ್ಟಿರುತ್ತೆ. ಮೂರೋ ನಾಲ್ಕೋ ದಿನಕ್ಕೆ ಕಂದು ಬೀಳುತ್ತೆ. ಎಲ್ರೂ ಇವತ್ತು ಕೊಟ್ಟಿಗೆಗೆ ಬಂದವರು ಯಾರು ಅಂತ ಹುಡುಕಿದ್ರಿ. ಶುಕ್ರವಾರ ಬಂದವರನ್ನ ಯಾರೂ ಕೇಳಲಿಲ್ಲ."

ವಸಂತ್ ಬಾಗಿಲತ್ತ ಒಂದು ಹೆಜ್ಜೆ ಇಟ್ಟ.

"ಚುಚ್ಚಿದ ಜಾಗದ ಮಾಂಸದಲ್ಲಿ ಚೂರು ಔಷಧಿ ಉಳಿದಿರಬಹುದು. ಈ ಬಾವಿಂದ ತೆಗೆದು ಲ್ಯಾಬಿಗೆ ಕಳಿಸ್ಲಾ, ವಸಂತ್?"

ಅವನು ತಲೆ ತಗ್ಗಿಸಿದ. "ಅವಸರದಲ್ಲಿ ನಂಬರ್ ನೋಡ್ದೆ ಗಬ್ಬದ ಹಸುಗೇ ಚುಚ್ಚಿಬಿಟ್ಟೆ ಮೇಡಂ. ಬೆಳಿಗ್ಗೆ ಸುದ್ದಿ ಕೇಳ್ತಿದ್ದಂಗೆ ಗೊತ್ತಾಗ್ಬಿಡ್ತು. ಕೆಲ್ಸ ಹೋಗುತ್ತೆ ಅಂತ... ಬಾಟ್ಲಿ ನಾನೇ ಇಟ್ಟೆ."

ಆದಿನಾರಾಯಣಪ್ಪ ಕೆಮ್ಮಿದರು. "ಹೋಗ್ಲಿ ಬಿಡು ಕದಿರಮ್ಮ. ಹೊತ್ತಾಯ್ತು, ಹಾಲು ಕರಿ."

ಕದಿರಮ್ಮ ಕದಲಲಿಲ್ಲ.

"ನಾನೇ ಚುಚ್ಚಿದ್ದು ಅಂತ ಊರ ಮುಂದೆ ಅಂದ್ರಿ, ಯಜಮಾನ್ರೇ. ಅಲ್ಲ ಅನ್ನೋದನ್ನೂ ಊರ ಮುಂದೇನೇ ಹೇಳಿ."

ಜನ ಆಗಲೇ ಚದುರತೊಡಗಿದ್ದರು. ಆದಿನಾರಾಯಣಪ್ಪ ಅಂಗಳಕ್ಕಿಳಿದು, ಅವರನ್ನು ಕೂಗಿ ನಿಲ್ಲಿಸಿದರು.