ಹೇಳಬಾರದ ಹೆಸರು

"ನನ್ನ ಸೈನಿಕನ ಹೆಂಡತಿ ಇಲ್ಲಿಗೆ ಬಂದಿದ್ರಾ ಇಲ್ವಾ? ಅಷ್ಟು ಹೇಳಿ ಸಾಕು!"

ಬಾಗಿಲಲ್ಲಿ ನಿಂತಿದ್ದ ಎತ್ತರದ ಮನುಷ್ಯ ಟೋಪಿಯನ್ನೇನೋ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ. ಧ್ವನಿಯಲ್ಲಿ ಮಾತ್ರ ಆ ವಿನಯ ಇರಲಿಲ್ಲ.

ನದೀನ್ ಪ್ರೂಯಿಟ್ ಕುರ್ಚಿಯಿಂದ ಏಳಲಿಲ್ಲ.

"ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ಇಲ್ಲಿ ಯಾರಿಗೂ ಹೇಳಲ್ಲ, ಕ್ಯಾಪ್ಟನ್."

"ನಾನು ಅವನ ಕಂಪನಿ ಕಮಾಂಡರ್, ಐಸಾಕ್ ಬೋಡ್ರೋ!"

"ನೀವು ಜನರಲ್ ಆಗಿದ್ರೂ ಅಷ್ಟೇ."

ಅವನು ಅವಳನ್ನೇ ದಿಟ್ಟಿಸಿದ. ಇದ್ದಕ್ಕಿದ್ದಂತೆ ನಕ್ಕುಬಿಟ್ಟ.

"ಜನರಲ್‌ಗಳೂ ನನ್ನ ಮುಖದ ಮೇಲೆ ಬಾಗಿಲು ಹಾಕಿದ್ದಾರೆ ಮೇಡಂ. ಆದ್ರೆ ಕೂತಲ್ಲಿಂದಲೇ ಹಾಕಿದೋರು ನೀವೇ ಮೊದಲು!"

ಅವನು ಹೋದ ಮೇಲೂ ಆ ನಗು ಕೋಣೆಯಲ್ಲೇ ಉಳಿದಂತಿತ್ತು. ಛೆ... ನನಗ್ಯಾಕೆ ನಗು ಬರ್ತಿದೆ? ನದೀನ್ ತನ್ನನ್ನೇ ಗದರಿಕೊಂಡಳು.

ಅಮೆರಿಕದ ಜಾರ್ಜಿಯಾದ ಫೋರ್ಟ್ ಎಲ್ಬರ್ನ್ ದಂಡಿನಲ್ಲಿ, ಮನೆಯೊಳಗೆ ಪೆಟ್ಟು ತಿಂದವರ ಜೊತೆ ನಿಲ್ಲುವುದು ಅವಳ ಕೆಲಸ. ಅಂಥ ಹೆಂಗಸಿಗೆ ಎರಡು ದಾರಿಗಳಿದ್ದವು. ಬಹಿರಂಗವಾಗಿ ದೂರು ಕೊಟ್ಟರೆ ಗಂಡನ ಕಂಪನಿಯ, ಅಂದರೆ ಅವನ ತುಕಡಿಯ, ಕಮಾಂಡರ್‌ಗೆ ತಿಳಿಯುತ್ತದೆ, ತನಿಖೆ ಶುರುವಾಗುತ್ತದೆ. ಗುಟ್ಟಾಗಿ ಕೊಟ್ಟರೆ ಚಿಕಿತ್ಸೆ, ಸಲಹೆ ಎಲ್ಲ ಸಿಗುತ್ತದೆ, ಕಮಾಂಡರ್‌ಗೆ ಒಂದಕ್ಷರವೂ ಹೋಗುವುದಿಲ್ಲ. ಪ್ರಾಣಕ್ಕೇ ಅಪಾಯವೆಂದು ಕಂಡರೆ ಮಾತ್ರ ಬೇರೆ ಮಾತು. ದಾರಿಯನ್ನು ಆರಿಸುವುದು ಪೆಟ್ಟು ತಿಂದವಳ ಹಕ್ಕು. ಆ ಹಕ್ಕನ್ನು ಕಾಯುತ್ತ ಕುಳಿತವಳು ನದೀನ್.

ಕೆಲವು ದಿನಗಳಾದ ಮೇಲೆ ಅವನು ಮತ್ತೆ ಬಂದ, ಕೈಯಲ್ಲೊಂದು ಮುಚ್ಚಿದ ಪಾತ್ರೆ.

"ಅವತ್ತು ಜೋರು ಮಾಡಿದ್ದಕ್ಕೆ ಕ್ಷಮಿಸಿ. ಗಂಬೊ ತಂದಿದೀನಿ, ನಮ್ಮ ಲೂಸಿಯಾನದ ಸಾರು. ಲಂಚ ಅಲ್ಲ!"

ಅವಳು ಮುಚ್ಚಳ ತೆಗೆದು ಇಣುಕಿದಳು. "ಅಲ್ಲ ಬಿಡಿ. ಲಂಚದಲ್ಲಿ ಸೀಗಡಿ ಇಷ್ಟು ಕಡಿಮೆ ಇರಲ್ಲ."

ಹಾಗೆ ಶುರುವಾಯಿತು. ಚಳಿಗಾಲ ಬರುವಷ್ಟರಲ್ಲಿ ಭಾನುವಾರದ ಊಟ ಅವಳ ಮನೆಯಲ್ಲೇ. ಮೇಜಿನ ಮೇಲೆ ಆಫೀಸಿನ ಮಾತು ಬರಕೂಡದು ಎಂಬುದೊಂದೇ ಅವರ ನಿಯಮ.

ಒಂದು ಭಾನುವಾರ ಅವನು ಆ ನಿಯಮ ಮುರಿದ.

"ನದೀನ್... ನಮ್ಮ ಕಂಪನಿಯ ಸಾರ್ಜೆಂಟ್ ವೆಲ್ಚ್ ಮನೇಲಿ ಎಲ್ಲ ಸರಿ ಇದ್ಯಾ?"

ಅವಳ ಕೈಯಲ್ಲಿದ್ದ ಚಮಚ ಅರ್ಧದಲ್ಲೇ ನಿಂತಿತು.

ಅದೇ ವಾರ ಸಾರ್ಜೆಂಟನ ಹೆಂಡತಿ ತಮಾರಾ ವೆಲ್ಚ್ ಅವಳೆದುರು ಕುಳಿತು ಅಂಗಿಯ ತೋಳು ಮೇಲೆತ್ತಿ ಬಾಸುಂಡೆ ತೋರಿಸಿದ್ದಳು. "ಅವನ ಹುದ್ದೆ ಹೋದ್ರೆ ನನಗೂ ಮಗೂಗೂ ಮನೆ ಇರಲ್ಲ. ನಾನೊಂದು ಕೆಲಸ ಹುಡುಕ್ಕೊಳ್ಳೋವರೆಗೂ ಯಾರಿಗೂ ಗೊತ್ತಾಗೋದು ಬೇಡ" ಎಂದು ಗುಟ್ಟಿನ ದಾರಿಯನ್ನೇ ಆರಿಸಿದ್ದಳು.

"ಊಟ ಆರ್ತಿದೆ, ಐಸಾಕ್" ಎಂದಳು ನದೀನ್.

ಅವನು ಮತ್ತೆ ಕೇಳಲಿಲ್ಲ. ಆದರೆ ಮರುದಿನ ವೆಲ್ಚ್‌ನನ್ನು ತನ್ನ ಕೋಣೆಗೆ ಕರೆಸಿ, ಮನೆಯ ಸಮಾಚಾರ ಕೇಳಿದ.

"ಎಲ್ಲ ಚೆನ್ನಾಗಿದೆ ಸರ್" ಎಂದ ವೆಲ್ಚ್. ಸಂಜೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. "ಯಾರಿಗೆ ಹೇಳ್ದೆ?!"

ಆಸ್ಪತ್ರೆಯಲ್ಲಿ ತಮಾರಾಳ ಎಡಗಿವಿಗೆ ಬ್ಯಾಂಡೇಜು ಸುತ್ತಿದ್ದರು. ಕಿವಿಯ ತಮಟೆ ಹರಿದಿತ್ತು. ನದೀನ್ ಒಳಗೆ ಬರುತ್ತಿದ್ದಂತೆ ಅವಳು ಗೋಡೆಯ ಕಡೆ ಹೊರಳಿದಳು.

"ನಿಮ್ಮನ್ನ ನಂಬಿದ್ದೆ..."

ಅಷ್ಟೇ. ಮಗುವನ್ನು ಕರೆದುಕೊಂಡು ಓಕ್ಲಹೋಮಾದ ತವರುಮನೆಗೆ ಹೋಗುವವರೆಗೂ ಅವಳು ನದೀನ್ ಜೊತೆ ಮತ್ತೆ ಮಾತಾಡಲಿಲ್ಲ.

ಆಸ್ಪತ್ರೆಯ ಹೊರಗೆ ಕಾರುಗಳ ನಡುವೆ ಐಸಾಕ್ ಕಾಯುತ್ತಿದ್ದ.

"ನನ್ನ ಮುಖ ಓದಿದೆ ನೀನು!" ನದೀನ್ ಕಿರುಚಿದಳು. "ನನ್ನ ಮೇಜಲ್ಲಿ ಉಣ್ತಾ, ನನ್ನ ಕಣ್ಣು ನೋಡಿ ಗುಟ್ಟು ಕದ್ದೆ!"

"ಹಾಗಲ್ಲ ನದೀನ್, ನಾನು..."

"ಹಾಗಾದ್ರೆ ನಿನಗೆ ಹೇಳಿದ್ಯಾರು?"



"ಅದು... ಹೇಳಕ್ಕಾಗಲ್ಲ."

"ಗಂಬೊ ಲಂಚ ಅಲ್ಲ ಅಂದಿದ್ದೆ. ಲಂಚಾನೇ ಆಗಿತ್ತು!"

ಆ ಮಾತು ಅವನಿಗೆ ತಾಗಿದ್ದು ಅವಳಿಗೆ ಕಂಡಿತು. ತಾಗಲಿ ಎಂದೇ ಆಡಿದ್ದಳು. ಹಿಂತಿರುಗಿ ನೋಡದೆ ನಡೆದುಬಿಟ್ಟಳು.

ವೆಲ್ಚ್ ವಿಚಾರಣೆಗೆ ನಿಂತ. ಋತುಗಳು ತಿರುಗಿದವು. ದಂಡಿನ ಊಟದ ಮನೆಯಲ್ಲಿ ಅವನು ಒಂದು ಮೂಲೆಯಲ್ಲಿ, ಅವಳು ಇನ್ನೊಂದು ಮೂಲೆಯಲ್ಲಿ. ನದೀನ್ ಕೆಲಸ ಬಿಡಲಿಲ್ಲ. ಆದರೆ ಎದುರಿಗೆ ಕುಳಿತ ಪ್ರತಿ ಹೆಂಗಸಿಗೂ 'ನಿಮ್ಮ ಮಾತು ಹೊರಗೆ ಹೋಗಲ್ಲ' ಎನ್ನುವಾಗ ನಾಲಿಗೆ ತಡವರಿಸುತ್ತಿತ್ತು. ಒಂದು ಚಮಚ ನಿಂತಿದ್ದಕ್ಕೆ ಒಬ್ಬಳ ಕಿವಿ ಹೋಯಿತಲ್ಲ...

ಒಂದು ವರ್ಷ ಕಳೆದು, ವಸಂತದ ಒಂದು ಬೆಳಿಗ್ಗೆ ಒಡೆಸ್ಸಾ ಕರ್ಬಿ ಅವಳ ಆಫೀಸಿಗೆ ಬಂದಳು. ವೆಲ್ಚ್ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಅವಳ ಗಂಡ ವೆಲ್ಚ್‌ನ ಕೈಕೆಳಗಿದ್ದ ಸೈನಿಕ. ಈಗ ಅವನಿಗೆ ಅಲಾಸ್ಕಕ್ಕೆ ವರ್ಗವಾಗಿತ್ತು.

"ಸಾಮಾನು ಲಾರಿಗೆ ಏರಿಸಿಬಿಟ್ವಿ ಕಣಮ್ಮಾ. ಇನ್ನು ನಂಗೆ ಹೆದರಿಕೆ ಇಲ್ಲ" ಎಂದಳು, ಕೂರದೆಯೇ. "ಕ್ಯಾಪ್ಟನ್‌ಗೆ ಹೇಳಿದ್ದು ನಾನು."

ನದೀನ್‌ಗೆ ಮೊದಲು ಅರ್ಥವೇ ಆಗಲಿಲ್ಲ.

"ಗೋಡೆ ಆಚೆಯಿಂದ ಎಲ್ಲ ಕೇಳಿಸ್ತಿತ್ತು. ಕ್ಯಾಪ್ಟನ್ ವೆಲ್ಚ್‌ನ ಕರೆಸಿದ್ರಲ್ಲ, ಅದರ ಹಿಂದಿನ ಶನಿವಾರ ಕಂಪನಿಯ ಸಂತೋಷಕೂಟದಲ್ಲಿ ಕ್ಯಾಪ್ಟನ್ ಕೈ ಹಿಡ್ಕೊಂಡು ಅತ್ತೆ. ನನ್ನ ಹೆಸರು ಮಾತ್ರ ಯಾರಿಗೂ ಹೇಳ್ಬೇಡಿ, ನನ್ನ ಗಂಡನ್ನ ವೆಲ್ಚ್ ಉಳಿಸಲ್ಲ ಅಂದೆ. ಆಮೇಲೆ ನೀವಿಬ್ರೂ ದೂರ ಆದ್ರಲ್ಲ... ನೋಡ್ತಾನೇ ಇದ್ದೆ. ವೆಲ್ಚ್‌ನ ಗೆಳೆಯರೆಲ್ಲ ಇಲ್ಲೇ ಇದ್ರಲ್ಲ, ಬಾಯಿಬಿಡೋ ಧೈರ್ಯ ಬರ್ಲಿಲ್ಲ."

"ತಮಾರಾಗೆ... ಗೊತ್ತಾ?"

"ನಿನ್ನೆ ಫೋನ್ ಮಾಡಿ ಹೇಳ್ದೆ. ಮೊದಲಿಂದ ಇನ್ನೊಂದ್ಸಲ ಹೇಳಿಸ್ಕೊಂಡ್ಲು. ಆಮೇಲೆ, 'ನದೀನ್‌ಗೆ ಮೊದಲು ಹೇಳು' ಅಂದ್ಲು." ಒಡೆಸ್ಸಾ ಕಣ್ಣೊರೆಸಿಕೊಂಡಳು. "ಇನ್ನೂ ಇಲ್ಲೇ ಕೂತಿದೀರಲ್ಲ! ಇವತ್ತು ಕ್ಯಾಪ್ಟನ್ ಕಂಪನೀನ ಇನ್ನೊಬ್ರ ಕೈಗೆ ಒಪ್ಪಿಸ್ತಿದ್ದಾರೆ. ಹೊರಟೇಹೋಗ್ತಾರೆ ಕಣಮ್ಮಾ!"

ನದೀನ್ ಓಡಿದಳು.

ಮೈದಾನದಲ್ಲಿ ಸಮಾರಂಭ ಮುಗಿದಿತ್ತು. ಎಲ್ಲರೂ ಹೊಸ ಕ್ಯಾಪ್ಟನ್ ಸುತ್ತ ನಿಂತು ಕೇಕು ತಿನ್ನುತ್ತಿದ್ದರು. ಐಸಾಕ್ ಒಬ್ಬನೇ ತನ್ನ ಟ್ರಕ್ಕಿನ ಬಳಿ ನಿಂತಿದ್ದ.

"ಒಡೆಸ್ಸಾ ಬಂದಿದ್ಲು" ಎಂದಳು, ಏದುಸಿರು ಬಿಡುತ್ತ.

ಅವನು ಕಣ್ಣು ಮುಚ್ಚಿಕೊಂಡ. "ಅವಳೇ ಹೇಳಿದ್ಲಾ?"

"ಅವಳೇ. ನೀನು ಯಾಕೆ ಹೇಳ್ಲಿಲ್ಲ ಐಸಾಕ್? ನಾನು ಏನೇನೋ ಅಂದೆ... ಎಲ್ಲ ಕೇಳ್ಕೊಂಡು ನಿಂತಿದ್ದೆಯಲ್ಲ!"

"ತಮಾರಾ ವಿಷಯ ನೀನು ಯಾಕೆ ಹೇಳ್ಲಿಲ್ಲ? ಅದಕ್ಕೇ ನಾನೂ ಹೇಳ್ಲಿಲ್ಲ."

ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಆದ್ರೆ ನಂದೇನೂ ತಪ್ಪಿಲ್ಲ ಅಂದ್ಕೋಬೇಡ" ಎಂದ ಅವನು, ನೆಲ ನೋಡುತ್ತ. "ಮೊದಲು ವೆಲ್ಚ್‌ನ ಮನೆ ಬಿಡಿಸಿ ಬ್ಯಾರಕ್‌ಗೆ ಕಳಿಸಿ, ಆಮೇಲೆ ಕೇಳ್ಬೇಕಿತ್ತು. ನಾನು ಮೊದಲು ಕೇಳ್ದೆ. ಆಮೇಲೆ... ಮನೆಗೆ ಕಳಿಸ್ದೆ. ನನ್ನ ಕೈಯಾರೆ."

'ನಿನ್ನ ತಪ್ಪೇನಿಲ್ಲ' ಎನ್ನಬಹುದಿತ್ತು. ಆ ಬ್ಯಾಂಡೇಜು ಸುತ್ತಿದ ಕಿವಿಯನ್ನು ಕಂಡವಳಿಗೆ ಅಂಥ ಸುಳ್ಳು ಹೇಳಲಾಗಲಿಲ್ಲ.

"ಹೌದು, ತಪ್ಪೇ" ಎಂದಳು. ಹೇಳುತ್ತಲೇ ಅವನ ಕೈ ಹಿಡಿದಳು. "ನಂದೂ ಇದೆ. ನಿನ್ನ ಒಂದು ಮಾತು ಮುಗಿಯೋಕೂ ಬಿಡ್ಲಿಲ್ಲ. ಒಂದು ವರ್ಷ ಹಾಳು ಮಾಡ್ದೆ..."

ಅವಳು ಟ್ರಕ್ಕಿನಲ್ಲಿ ತುಂಬಿದ್ದ ಸಾಮಾನಿನ ಕಡೆ ನೋಡಿದಳು.

"ಎಲ್ಲಿಗೆ ಹೋಗ್ತಿದೀಯಾ?"

"ಕ್ಯಾನ್ಸಸ್. ಸೋಮವಾರ."

"ಅಲ್ಲೂ ನನ್ನಂಥೋರಿಗೆ ಕೆಲಸ ಇರುತ್ತಲ್ವಾ?"

"ಇರುತ್ತೆ." ಅವನು ನಿಟ್ಟುಸಿರು ಬಿಟ್ಟ. "ಇರಬಾರದಾಗಿತ್ತು."

"ತಕ್ಷಣ ಬರಕ್ಕಾಗಲ್ಲ, ಐಸಾಕ್. ಇಲ್ಲಿ ನನ್ನನ್ನ ನಂಬ್ಕೊಂಡಿರೋರು ಇದ್ದಾರೆ. ಅವರು ಒಂದು ದಡ ಸೇರೋವರೆಗೂ..."

"ಕಾಯ್ತೀನಿ."

"ಅವರು ಯಾರು, ಎಷ್ಟು ದಿನ ಅಂತ ಕೇಳಲ್ವಾ?"

"ಕೇಳಲ್ಲ. ಒಂದೇ ಒಂದು ಮಾತು ಕೇಳ್ತೀನಿ. ನನ್ನ ಮೇಲೆ ಇನ್ನೂ ಪ್ರೀತಿ ಇದ್ಯಾ?"

ಕೇಕಿನ ತಟ್ಟೆ ಹಿಡಿದು ನಿಂತಿದ್ದ ಇಡೀ ಕಂಪನಿ ಈಗ ಇತ್ತಲೇ ನೋಡುತ್ತಿತ್ತು. ನದೀನ್ ಅವನ ಎದೆಗೆ ಹಣೆ ಒತ್ತಿದಳು.

"ಇದೆ" ಎಂದಳು. "ಇದನ್ನ ಯಾರಿಗೆ ಬೇಕಾದ್ರೂ ಹೇಳು."